ಅರ್ಧ ಟನ್ನಿನ ಕೋನಮಾಪಕ

1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಒಂದು ಯಂತ್ರವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಥಿಯೋಡೊಲೈಟ್ ಎಂಬ ಆ ಯಂತ್ರದ ತೂಕ ಅರ್ಧ ಟನ್ನು, ಕೆಲಸ ಬರೀ ಕೋನ ಅಳೆಯುವುದು. ನಡುವೆ ಹಗ್ಗ ಹರಿದು, ಯಂತ್ರ ಪೆಟ್ಟಿಗೆ ಸಮೇತ ಗೋಡೆಗೆ ಅಪ್ಪಳಿಸಿತು. ಡಿಗ್ರಿಯ ಗೆರೆ ಕೊರೆದಿದ್ದ ಮೂರಡಿ ಅಗಲದ ಚಕ್ರ ಸೊಟ್ಟಗಾಯಿತು.

ಯಂತ್ರದ ಯಜಮಾನ ವಿಲಿಯಂ ಲ್ಯಾಂಬ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದ ಸೈನಿಕ. ಯುದ್ಧ ಮುಗಿದ ಮೇಲೆ ಕರಾವಳಿಯಿಂದ ಕರಾವಳಿಗೆ ತ್ರಿಭುಜಗಳ ಸರಪಳಿ ಹೆಣೆಯುತ್ತೇನೆಂದು ಹೊರಟ. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಆಧಾರರೇಖೆ ಅಳೆದು ಕೈ ಪಳಗಿಸಿಕೊಂಡ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿ.ಮೀ. ರೇಖೆ ಅಳೆದು ಕೆಲಸಕ್ಕೆ ಕೈಹಾಕಿದ.

ಲೆಕ್ಕ ಹೈಸ್ಕೂಲಿನದೇ. ಆಧಾರರೇಖೆಯೇ ತ್ರಿಭುಜದ ಒಂದು ಬಾಹು; ಅದರ ಜೊತೆ ಎರಡು ಕೋನ ಗೊತ್ತಿದ್ದರೆ ಉಳಿದದ್ದು ಸಿಗುತ್ತದೆ. ಮೂರನೆಯ ಕೋನವನ್ನು 180ರಿಂದ ಕಳೆದೇ ತೆಗೆಯಬಹುದು. ಆದರೆ ಸರ್ವೆಯವರು ಅದನ್ನೂ ಅಳೆಯುತ್ತಿದ್ದರು. ಮೂರನ್ನೂ ಕೂಡಿದಾಗಲೇ ತಪ್ಪು ಸಿಕ್ಕಿಬೀಳುವುದು.

ಸಮಬಾಹು, ವಿಷಮಬಾಹು, ವಿಶಾಲಕೋನ ಎಂದು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಜಾತಿಗಳು ಇವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಅಚ್ಚುಮೆಚ್ಚಿನದು 60 ಡಿಗ್ರಿಯ ಆಸುಪಾಸಿನ ಮೂರು ಕೋನಗಳ ತ್ರಿಭುಜ. ಚಪ್ಪಟೆಯಾದ ವಿಶಾಲಕೋನ ತ್ರಿಭುಜ ಕಂಡರೆ ಆಗದು. ಅದರಲ್ಲೊಂದು ಕೋನ 10 ಡಿಗ್ರಿಗೆ ಇಳಿಯಿತೆನ್ನಿ: ಅಳತೆಯಲ್ಲಿ ಆದ ಅಷ್ಟೇ ತಪ್ಪು, ಬಾಹುವಿನ ಉದ್ದವನ್ನು 60 ಡಿಗ್ರಿಯಲ್ಲಿ ಕೆಡಿಸುವುದಕ್ಕಿಂತ ಹತ್ತು ಪಟ್ಟು ಹೆಚ್ಚು ಕೆಡಿಸುತ್ತದೆ. ಒಳ್ಳೆಯ ಆಕಾರದ ತ್ರಿಭುಜಕ್ಕಾಗಿ ಬೆಟ್ಟ ಹುಡುಕಬೇಕಿತ್ತು. ತಂಜಾವೂರಿನಂಥ ಬಯಲುಸೀಮೆಯಲ್ಲಿ ಗೋಪುರವೇ ಬೆಟ್ಟ.

ಇನ್ನೂ ಒಂದು ತಮಾಷೆಯಿದೆ. ಎಷ್ಟೇ ಚೆನ್ನಾಗಿ ಅಳೆದರೂ ಮೊತ್ತ 180ಕ್ಕೆ ನಿಲ್ಲಬಾರದು! ಭೂಮಿ ಉಬ್ಬಿದೆಯಲ್ಲ, ಸುಮಾರು 200 ಚದರ ಕಿ.ಮೀ.ಗೆ ಒಂದು ಸೆಕೆಂಡಿನಂತೆ, ಅಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲಿನಂತೆ, ಮೊತ್ತ ಏರುತ್ತದೆ. 50 ಕಿ.ಮೀ. ಬಾಹುಗಳ ಸಮಬಾಹು ತ್ರಿಭುಜದಲ್ಲಿ ಐದೂವರೆ ಸೆಕೆಂಡು ಜಾಸ್ತಿ. ಅದರ ಮೂರನೇ ಒಂದು ಪಾಲನ್ನು ಪ್ರತಿ ಕೋನದಿಂದ ಕಳೆದರೆ ಶಾಲೆಯ ಸೂತ್ರ ಮತ್ತೆ ನಡೆಯುತ್ತದೆ. ಈ ಉಪಾಯ ಫ್ರಾನ್ಸಿನ ಲೆಜಾಂಡ್ರನದು.

ಇಂಥ ಸೆಕೆಂಡುಗಳ ಬೆನ್ನುಹತ್ತಿದವನಿಗೆ ಚಕ್ರ ಸೊಟ್ಟಗಾದರೆ ಹೇಗಾಗಿರಬೇಡ! ಲ್ಯಾಂಬ್ಟನ್ ಯಂತ್ರವನ್ನು ಬಿಚ್ಚಿದ. ಹಲಗೆಯ ಮೇಲೆ ಮೂಲ ಅಳತೆಯ ವೃತ್ತ ಗೀಚಿ, ಬೆಣೆ, ತಿರುಪು, ರಾಟೆಗಳಿಂದ ಚಕ್ರವನ್ನು ಕೂದಲೆಳೆಯಷ್ಟೇ ಎಳೆಯುತ್ತ ವಾರಗಟ್ಟಲೆ ಕೂತ. ಅದೇ ಯಂತ್ರದಿಂದ ಸರ್ವೆ ಮುಂದುವರಿಯಿತು. 1823ರಲ್ಲಿ ಹಿಂಗನ್‌ಘಾಟ್‌ನಲ್ಲಿ ಸಾಯುವವರೆಗೂ ಅವನು ಈ ಕೆಲಸ ಬಿಡಲಿಲ್ಲ.

ಮುಂದೆ 1868ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಆಧಾರರೇಖೆ ಅಳೆದರು. ಅದರ ಕುರುಹಾಗಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಪುಟ್ಟದೊಂದು ವೀಕ್ಷಣಾಲಯ ನಿಂತಿತ್ತು. 2024ರಲ್ಲಿ ಕೆಡವಿದರು. ಹೊಲದ ಸರ್ವೆ ಕಲ್ಲು ಗೇಣುದ್ದ ಸರಿದರೆ ಕೋರ್ಟಿನ ಮೆಟ್ಟಿಲೇರುವ ಜನ ನಾವು. ಇಡೀ ದೇಶ ಅಳೆದ ಸರಪಳಿಯ ಕೊಂಡಿಯೊಂದು ಕಳಚಿದಾಗ ಮಾತ್ರ, ತಕರಾರು ಹೂಡಲು ಪಹಣಿಯಲ್ಲಿ ಹೆಸರಿದ್ದವರು ಯಾರೂ ಸಿಗಲಿಲ್ಲ.