ಗಿಡ ನೆಡುವುದನ್ನು ವಿರೋಧಿಸುವವರೂ ‘ಪರಿಸರವಾದಿ’ಗಳೇ?

“ಪರಿಸರವಾದಿಗಳಿಂದಲೇ ಭದ್ರಾವತಿಯ ಕಾಗದ ಕಾರ್ಖಾನೆ ಮುಚ್ಚಿತು.” “ಗಿಡ ನೆಟ್ಟರೂ ಬೇಡ ಅಂತಾರೆ, ಇವರೆಂಥ ಪರಿಸರವಾದಿಗಳು?” ಈ ಧಾಟಿಯ ಮೆಸೇಜ್ ನಿಮ್ಮ ಗ್ರೂಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುಂಚೆ ಎರಡು ನಿಮಿಷ ಕೊಟ್ಟು ಇದನ್ನು ಓದಿ.

ಪರಿಸರವಾದ ಅಂದರೇನು?

ಗಾಳಿ, ನೀರು, ಮಣ್ಣು, ಕಾಡು ಉಳಿಯುವಂತೆ ಸರ್ಕಾರದ ನೀತಿಯೂ ನಮ್ಮ ಬದುಕೂ ಇರಬೇಕು ಎನ್ನುವ ನಿಲುವು ಪರಿಸರವಾದ. ಅದಕ್ಕಾಗಿ ನಡೆಯುವ ಚಳವಳಿಗೂ ಇದೇ ಹೆಸರು. ಪರಿಸರ ವಿಜ್ಞಾನ ಬೇರೆ. ನೆಡುತೋಪಿನಲ್ಲಿ ಎಷ್ಟು ಬಗೆಯ ಗಿಡ, ಹಕ್ಕಿ ಇವೆ ಎಂದು ಎಣಿಸುವುದು ವಿಜ್ಞಾನ. ಅಲ್ಲಿ ಯಾವ ಮರ ಇರಬೇಕು ಎಂದು ವಾದಿಸುವುದು ಪರಿಸರವಾದ. ಈಗ ಮೂರನೇ ಬಳಕೆಯೂ ಇದೆ: ‘ಅಭಿವೃದ್ಧಿ ವಿರೋಧಿ’ ಎನ್ನುವ ಬೈಗುಳ.

ಗಿಡ ನೆಟ್ಟರೆ ಕಾಡಾಗುತ್ತದೆಯೇ?

ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆಗೆ (ಎಂಪಿಎಂ) ಸರ್ಕಾರ 1980ರಲ್ಲಿ ಅರಣ್ಯ ಭೂಮಿಯನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಅಲ್ಲಿ ಅಕೇಶಿಯಾ, ನೀಲಗಿರಿ ತೋಪು ಬಂದವು. ಇವು ಕಾಗದದ ತಿರುಳಿಗಾಗಿ ಬೆಳೆಸಿ ಕಡಿಯುವ ಮರಗಳು. ನೋಡಲು ಹಸಿರೇ, ಆದರೆ ಒಂದು ರೀತಿಯ ಬೆಳೆ. 2020ರಲ್ಲಿ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ನವೀಕರಿಸಿದಾಗ ಮಲೆನಾಡಿನಲ್ಲಿ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂಬ ಹೋರಾಟ ಎದ್ದಿತು. ಅವರ ಬೇಡಿಕೆ ಮರವೇ ಬೇಡ ಎಂದಲ್ಲ, ಆ ಜಾಗದಲ್ಲಿ ಸಹಜ ಕಾಡು ಬೆಳೆಯಲಿ ಎಂದು.

ಇದು ಹೊಸದೇನಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಜನ ಹಚ್ಚಿದರು. ದನ ಮೇಯುವ, ಸೌದೆ ಸಿಗುವ ಜಾಗ ಉಳಿಸಿಕೊಳ್ಳುವುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಹಾಗಾದರೆ ಎಂಪಿಎಂ ನಿಂತದ್ದು ಇವರಿಂದಲೇ?

ಇಸವಿ ನೋಡಿ. ನಷ್ಟದಲ್ಲಿದ್ದ ಎಂಪಿಎಂನಲ್ಲಿ ಕಾಗದ ಉತ್ಪಾದನೆ ನಿಂತದ್ದು 2015-16ರ ಸುಮಾರಿಗೆ. ‘ಅಕೇಶಿಯಾ ಬೇಡ’ ಹೋರಾಟ ಜೋರಾದದ್ದು 2020ರ ನಂತರ. ಆಮೇಲೆ ಬಂದ ಹೋರಾಟ ಮೊದಲೇ ನಿಂತ ಕಾರ್ಖಾನೆಯನ್ನು ಮುಚ್ಚಿಸಲು ಸಾಧ್ಯವಿಲ್ಲ.

ಕೆಲಸ ಕಳೆದುಕೊಂಡ ಕಾರ್ಮಿಕರ ನೋವು ನಿಜ. ಕಾಗದನಗರದ ಎಷ್ಟೋ ಮನೆಗಳು ಆ ಸಂಬಳದಲ್ಲೇ ನಡೆದಿದ್ದವು. ಆದರೆ ತಪ್ಪು ಹೆಸರಿನ ಮೇಲೆ ಸಿಟ್ಟು ತಿರುಗಿದರೆ, ನಷ್ಟ ಏಕಾಯಿತು, ಕಾರ್ಖಾನೆ ಮತ್ತೆ ಶುರುವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ಭದ್ರಾ ನದಿ ಶುದ್ಧವಾಗಿರಲಿ ಎಂದು ಬಯಸುವ ಕಾರ್ಮಿಕನೂ ಒಂದರ್ಥದಲ್ಲಿ ಪರಿಸರವಾದಿಯೇ.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ: ‘ಪರಿಸರವಾದಿ’ ಎಂದರೆ ಇಲ್ಲಿ ಯಾರು? ಅವರು ಬೇಡ ಎಂದದ್ದು ಏನನ್ನು? ಯಾವ ಇಸವಿಯಲ್ಲಿ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.