ವಿದೇಶಿ ಬ್ಯಾಂಕ್ ಉಳಿತಾಯದ ಬಡ್ಡಿಯನ್ನು ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಘೋಷಿಸುವ ಬಗ್ಗೆ

(ಹುಬ್ಬಳ್ಳಿ-ಧಾರವಾಡ ಭಾಗದ ತೆರಿಗೆದಾರರ ಮಾಹಿತಿಗಾಗಿ)

ಅಮೆರಿಕ, ಬ್ರಿಟನ್ ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗ ಮಾಡಿ ಅವಳಿ ನಗರಕ್ಕೆ ಹಿಂದಿರುಗಿದ ಅನೇಕರು ಅಲ್ಲಿನ ಬ್ಯಾಂಕ್ ಖಾತೆಗಳನ್ನು ಮುಂದುವರಿಸಿರುತ್ತಾರೆ. ಅನಿವಾಸಿಯಾಗಿದ್ದಾಗ ಗಳಿಸಿದ ಹಣವನ್ನು ಹೀಗೆ ವಿದೇಶದಲ್ಲಿ ಇರಿಸಿಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಅಧಿನಿಯಮ, 1999ರ ಪ್ರಕರಣ 6(4)ರಲ್ಲಿ ಅವಕಾಶವಿದೆ. ಆದರೆ ಹಣವು ಭಾರತಕ್ಕೆ ಬಾರದಿದ್ದರೆ ಅದರ ಬಡ್ಡಿಗೆ ತೆರಿಗೆ ಇಲ್ಲವೆಂಬ ತಿಳಿವಳಿಕೆ ಸರಿಯಲ್ಲ. ಆದಾಯ ತೆರಿಗೆ ಅಧಿನಿಯಮ, 1961ರ ಮೇರೆಗೆ ಸಾಮಾನ್ಯ ನಿವಾಸಿಯ ಜಾಗತಿಕ ಆದಾಯವೆಲ್ಲವೂ ತೆರಿಗೆಗೆ ಒಳಪಡುತ್ತದೆ. 2026ರ ಮಾರ್ಚ್ 31ಕ್ಕೆ ಕೊನೆಗೊಳ್ಳುವ ವರ್ಷದವರೆಗಿನ ಆದಾಯಕ್ಕೆ ಈ ಅಧಿನಿಯಮವು ಅನ್ವಯಿಸುತ್ತದೆ. ತದನಂತರದ ಆದಾಯಕ್ಕೆ 2025ರ ಅಧಿನಿಯಮವು ಅನ್ವಯಿಸುತ್ತದೆ.

ಹೊಸದಾಗಿ ಹಿಂದಿರುಗಿದವರು ಮೊದಲು ತಮ್ಮ ನಿವಾಸ ಸ್ಥಾನಮಾನವನ್ನು ನಿರ್ಧರಿಸಿಕೊಳ್ಳತಕ್ಕದ್ದು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಭಾರತದಲ್ಲಿದ್ದವರು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ'ಗಳಾಗುತ್ತಾರೆ. ಇವರ ವಿದೇಶಿ ಖಾತೆಯಲ್ಲಿ ವಿದೇಶದಲ್ಲಿಯೇ ಜಮೆಯಾಗುವ ಬಡ್ಡಿಗೆ ಇಲ್ಲಿ ತೆರಿಗೆ ಇರುವುದಿಲ್ಲ. ಈ ಸ್ಥಾನಮಾನವು ಕೆಲವೇ ವರ್ಷಗಳಲ್ಲಿ ಮುಗಿಯುವುದರಿಂದ ಪ್ರತಿ ವರ್ಷವೂ ದಿನಗಳನ್ನು ಎಣಿಸುವುದು ಅವಶ್ಯ.

ಸಾಮಾನ್ಯ ನಿವಾಸಿಗಳು ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದವರು ಐಟಿಆರ್-2ನ್ನು ಸಲ್ಲಿಸತಕ್ಕದ್ದು. ಬಡ್ಡಿಯನ್ನು 'ಇತರ ಮೂಲಗಳ ಆದಾಯ' ಶೀರ್ಷಿಕೆಯಡಿ ಹಾಗೂ ಅನುಸೂಚಿ ಎಫ್‌ಎಸ್‌ಐಯಲ್ಲಿಯೂ, ಖಾತೆಯ ವಿವರವನ್ನು ಅನುಸೂಚಿ ಎಫ್‌ಎಯಲ್ಲಿಯೂ ನಮೂದಿಸಬೇಕು. ಇಲ್ಲಿ ಗೊಂದಲವಾಗುವುದು ಸಹಜ: ಬಡ್ಡಿಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಆದರೆ ಅನುಸೂಚಿ ಎಫ್‌ಎಯ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ. ಎರಡೂ ಕಡೆ ಬಡ್ಡಿಯ ಮೊತ್ತ ಬೇರೆಯಾಗಿದ್ದರೆ ಅದು ದೋಷವಲ್ಲ.

ಉಳಿತಾಯ ಖಾತೆಯ ಬಡ್ಡಿಯನ್ನು ಮಾರ್ಚ್ 31ರಂದು ಇದ್ದ ಭಾರತೀಯ ಸ್ಟೇಟ್ ಬ್ಯಾಂಕಿನ ತಂತಿ ವರ್ಗಾವಣೆ ಖರೀದಿ ದರದಲ್ಲಿ ರೂಪಾಯಿಗೆ ಪರಿವರ್ತಿಸಬೇಕು. ಉದಾಹರಣೆಗೆ, ಬಡ್ಡಿ 600 ಡಾಲರ್ ಇದ್ದು ದರವು ರೂ. 85 ಎಂದು ಭಾವಿಸಿದಲ್ಲಿ ಆದಾಯ ರೂ. 51,000 ಆಗುತ್ತದೆ. ಪ್ರಕರಣ 80ಟಿಟಿಎ ಹಾಗೂ 80ಟಿಟಿಬಿ ಕಡಿತಗಳು ಹೊರದೇಶದ ಬ್ಯಾಂಕಿನ ಬಡ್ಡಿಗೆ ದೊರೆಯುವುದಿಲ್ಲ.

ಆ ದೇಶದಲ್ಲಿ ತೆರಿಗೆ ಕಡಿತವಾಗಿದ್ದಲ್ಲಿ ನಮೂನೆ 67ನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, ಅನುಸೂಚಿ ಟಿಆರ್‌ನಲ್ಲಿ ಪರಿಹಾರವನ್ನು ಕೋರಬಹುದು. ಅಲ್ಲಿ ತೆತ್ತ ತೆರಿಗೆ ಮತ್ತು ಅದೇ ಆದಾಯಕ್ಕೆ ಇಲ್ಲಿ ಬರುವ ತೆರಿಗೆ, ಇವೆರಡರಲ್ಲಿ ಕಡಿಮೆಯಾದುದಷ್ಟೇ ಜಮೆಗೆ ಅರ್ಹ. ದುಬೈಯಲ್ಲಿ ವ್ಯಕ್ತಿಗಳ ಬಡ್ಡಿಗೆ ತೆರಿಗೆ ಇಲ್ಲದ ಕಾರಣ ಜಮೆಯ ಪ್ರಶ್ನೆಯೇ ಬರುವುದಿಲ್ಲ.

ಮಕ್ಕಳು ವಿದೇಶದಲ್ಲಿದ್ದು ಧಾರವಾಡದಲ್ಲಿರುವ ತಂದೆ-ತಾಯಿಯ ಹೆಸರನ್ನು ತಮ್ಮ ಖಾತೆಗೆ ಸೇರಿಸಿರುವುದುಂಟು. ಖಾತೆಯಲ್ಲಿನ ಹಣ ಮಕ್ಕಳದೇ ಆಗಿದ್ದರೆ ಬಡ್ಡಿ ತಂದೆ-ತಾಯಿಯ ಆದಾಯವಾಗದು. ಆದರೂ ಸಹಿ ಮಾಡುವ ಅಧಿಕಾರವಿರುವ ನಿವಾಸಿ ಪೋಷಕರು, ಆದಾಯ ತೆರಿಗೆ ಮಿತಿಗಿಂತ ಕಡಿಮೆಯಿದ್ದರೂ, ವಿವರಪಟ್ಟಿ ಸಲ್ಲಿಸಿ ಆ ಖಾತೆಯನ್ನು ತೋರಿಸತಕ್ಕದ್ದು. ನಿವೃತ್ತಿ ವೇತನವನ್ನಷ್ಟೇ ನಂಬಿರುವ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಕಪ್ಪು ಹಣ ಅಧಿನಿಯಮ, 2015ರ ಮೇರೆಗೆ ವಿದೇಶಿ ಆಸ್ತಿಯನ್ನು ತೋರಿಸದಿರುವುದಕ್ಕೆ ರೂ. 10 ಲಕ್ಷ ದಂಡ ವಿಧಿಸಲು ಅವಕಾಶವಿದೆ. ಸ್ಥಿರಾಸ್ತಿ ಹೊರತುಪಡಿಸಿ ಒಟ್ಟು ಮೌಲ್ಯ ರೂ. 20 ಲಕ್ಷ ಮೀರದ ಆಸ್ತಿಗಳಿಗೆ 2024ರ ಅಕ್ಟೋಬರ್ 1ರಿಂದ ಈ ದಂಡದಿಂದ ವಿನಾಯಿತಿ ನೀಡಲಾಗಿದೆ. ವಿನಾಯಿತಿ ದಂಡಕ್ಕೆ ಮಾತ್ರ, ಘೋಷಣೆಗೆ ಅಲ್ಲ.

ಅಮೆರಿಕದೊಂದಿಗೆ 2015ರಲ್ಲಿ ಆದ ಒಪ್ಪಂದದ ಪ್ರಕಾರ ಹಾಗೂ ಇತರ ಅನೇಕ ದೇಶಗಳಿಂದ 2017ರಿಂದ ಖಾತೆಗಳ ಮಾಹಿತಿ ಇಲಾಖೆಗೆ ತಾನಾಗಿಯೇ ಬರುತ್ತಿದೆ. ಹಾಗೆ ಬಂದ ಮಾಹಿತಿಯ ಆಧಾರದ ಮೇಲೆ 2024ರ ನವೆಂಬರ್‌ನಲ್ಲಿ ತೆರಿಗೆದಾರರಿಗೆ ಸಂದೇಶಗಳನ್ನು ಕಳುಹಿಸಲಾಗಿತ್ತು. ಖಾತೆಯ ವಿವರ ಬಿಟ್ಟುಹೋಗಿದ್ದಲ್ಲಿ ಕಾಲಾವಧಿಯೊಳಗೆ ಪರಿಷ್ಕೃತ ವಿವರಪಟ್ಟಿ ಸಲ್ಲಿಸಬಹುದು. ಖಾತೆ ತೆರೆದ ದಿನಾಂಕ, ವರ್ಷದ ಗರಿಷ್ಠ ಶಿಲ್ಕು ಹಾಗೂ ಡಿಸೆಂಬರ್ 31ರ ಶಿಲ್ಕು ತೋರಿಸುವ ಬ್ಯಾಂಕ್ ಪತ್ರಗಳನ್ನು ಸಿದ್ಧವಾಗಿ ಇಟ್ಟುಕೊಳ್ಳತಕ್ಕದ್ದು.