ಟಿಪ್ಪಣಿ ಪುಸ್ತಕಕ್ಕೆ ಹೊಸ ಉಪಾಂಗಗಳು

ಅಧ್ಯಾಪಕ ವೃತ್ತಿಯಲ್ಲಿದ್ದಷ್ಟು ಕಾಲವೂ ಟಿಪ್ಪಣಿ ಬರೆದಿಡುವುದು ನನ್ನ ಅಭ್ಯಾಸವಾಗಿತ್ತು. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗ, ಹೊಳೆಗೆ ವರ್ಷವರ್ಷವೂ ಹಾಕುವ ಕಟ್ಟ, ಮಳೆನೀರು ಇಂಗುವ ಮದಕ, ಇವೇ ಮೊದಲಾಗಿ ನಮ್ಮ ಕಾಸರಗೋಡಿನ ನೀರಿನ ಮಾತುಗಳನ್ನು ಹಿರಿಯ ಕೃಷಿಕರಿಂದ ಕೇಳಿ ಬರೆದುಕೊಂಡಿದ್ದೆ. ಆ ನೋಟುಪುಸ್ತಕಗಳಲ್ಲಿ ಮೂರನ್ನು ಗೆದ್ದಲು ತಿಂದಿತು. ಹೇಳಿದವರೂ ಈಗ ಇಲ್ಲ. ಉಳಿದುದನ್ನಾದರೂ ಕಾಪಾಡಬೇಕೆಂದು ಮೊಮ್ಮಗಳಿಂದ ‘ಅಬ್ಸಿಡಿಯನ್’ ಎಂಬ ಗಣಕಯಂತ್ರದ ಟಿಪ್ಪಣಿ ತಂತ್ರಾಂಶವನ್ನು ಕಲಿತೆ.

2020ರಲ್ಲಿ ಬಳಕೆಗೆ ಬಂದ ಈ ತಂತ್ರಾಂಶವನ್ನು ಹಣ ಕೊಡದೆ ಉಪಯೋಗಿಸಬಹುದು. ಪ್ರತಿಯೊಂದು ಟಿಪ್ಪಣಿಯೂ ನಮ್ಮ ಯಂತ್ರದಲ್ಲಿಯೇ ಸರಳ ಪಠ್ಯದ ಕಡತವಾಗಿ ಉಳಿಯುವುದು ಇದರ ಮುಖ್ಯ ಗುಣ. ನಾಳೆ ಈ ತಂತ್ರಾಂಶವೇ ಇಲ್ಲವಾದರೂ ಆ ಕಡತಗಳನ್ನು ಬೇರೆ ಸಾಧನಗಳಿಂದ ತೆರೆದು ಓದಬಹುದು.

ಇದಕ್ಕೆ ಬೇಕಾದಷ್ಟು ಉಪಾಂಗಗಳನ್ನು ಜೋಡಿಸಿಕೊಳ್ಳಬಹುದು. ಇವುಗಳಿಗೆ ‘ಪ್ಲಗಿನ್’ ಎಂದು ಹೆಸರು. ನೇಗಿಲು ಒಂದೇ ಆದರೂ ನೆಲಕ್ಕೆ ತಕ್ಕ ಗುಳ ಹಾಕಿಕೊಳ್ಳುವಂತೆ ಎನ್ನಬಹುದು. ಕೆಲವು ತಂತ್ರಾಂಶದೊಡನೆಯೇ ಬರುತ್ತವೆ. ಉಳಿದವನ್ನು ಬಳಕೆದಾರರೇ ರಚಿಸಿ ಹಂಚುತ್ತಾರೆ.

ಜೊತೆಗೆ ಬರುವವುಗಳಲ್ಲಿ ‘ಟೆಂಪ್ಲೇಟ್ಸ್’ ಅಚ್ಚಿನಂತೆ ಕೆಲಸ ಮಾಡುತ್ತದೆ. ಪದ, ಅರ್ಥ, ಊರು, ಕೇಳಿದ ದಿನ ಎಂಬ ಶೀರ್ಷಿಕೆಗಳನ್ನು ಒಮ್ಮೆ ಸಿದ್ಧಪಡಿಸಿದರೆ ಪ್ರತಿ ಟಿಪ್ಪಣಿಗೂ ಅವೇ ಒದಗುತ್ತವೆ. ‘ಬ್ಯಾಕ್‌ಲಿಂಕ್ಸ್’ ಒಂದು ಟಿಪ್ಪಣಿಯನ್ನು ಬೇರೆ ಯಾವ ಯಾವ ಟಿಪ್ಪಣಿಗಳು ಉಲ್ಲೇಖಿಸಿವೆಯೆಂದು ತೋರಿಸುತ್ತದೆ. ‘ಮದಕ’ವನ್ನು ತೆರೆದಾಗ, ಅದಕ್ಕೆ ಕೊಂಡಿ ಹಾಕಿದ ಸುರಂಗದ ಟಿಪ್ಪಣಿಯೂ ಕಣ್ಣಿಗೆ ಬೀಳುತ್ತದೆ.

ಬಳಕೆದಾರರು ರಚಿಸಿದವುಗಳಲ್ಲಿ ‘ಡೇಟಾವ್ಯೂ’ ಬಹು ಉಪಯುಕ್ತ. ಒಂದೇ ಊರಿನಲ್ಲಿ ಕೇಳಿದ ಪದಗಳನ್ನೆಲ್ಲ ಆರಿಸಿ ಕೋಷ್ಟಕವಾಗಿ ತೋರಿಸೆಂದರೆ ಕ್ಷಣದಲ್ಲಿ ತೋರಿಸುತ್ತದೆ. ‘ಎಕ್ಸ್‌ಕ್ಯಾಲಿಡ್ರಾ’ದಿಂದ ಸುರಂಗದ ರೇಖಾಚಿತ್ರ ಬಿಡಿಸಬಹುದು. ‘ಸ್ಪೇಸ್ಡ್ ರಿಪಿಟಿಷನ್’ ಕಲಿತುದನ್ನು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಇದು ವಿದ್ಯಾರ್ಥಿಗಳಿಗೆ ವರದಾನ.

ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಹೊರಗಿನ ಉಪಾಂಗಗಳು ನಮ್ಮ ಕಡತಗಳನ್ನು ಓದಲೂ ತಿದ್ದಲೂ ಶಕ್ತವಾದ ಕಾರಣ ತಂತ್ರಾಂಶವು ಮೊದಲಿಗೆ ಅವುಗಳನ್ನು ತಡೆದೇ ಇಟ್ಟಿರುತ್ತದೆ. ವಿಚಾರಿಸಿಯೇ ಅನುಮತಿ ಕೊಡತಕ್ಕದ್ದು. ಎರಡನೆಯದಾಗಿ, ಡೇಟಾವ್ಯೂ ತೋರಿಸುವ ಕೋಷ್ಟಕವು ಕಡತದಲ್ಲಿ ಬರೆದಿರುವುದಿಲ್ಲ. ಅಲ್ಲಿರುವುದು ಅದನ್ನು ಕೇಳುವ ಪ್ರಶ್ನೆ ಮಾತ್ರ. ಉಪಾಂಗವನ್ನು ತೆಗೆದರೆ ಕೋಷ್ಟಕವೂ ಹೋಯಿತು. ಆದುದರಿಂದ ಮುಖ್ಯ ಸಂಗತಿಗಳನ್ನು ಪೂರ್ಣ ವಾಕ್ಯಗಳಲ್ಲಿ ಟಿಪ್ಪಣಿಯಲ್ಲಿಯೇ ಬರೆದಿಡಬೇಕು. ಕಡತಗಳ ನಕಲೊಂದನ್ನು ಬೇರೆಡೆ ಇಡುವುದನ್ನೂ ಮರೆಯಬಾರದು. ಯಂತ್ರಕ್ಕೂ ಅದರದೇ ಆದ ಗೆದ್ದಲುಗಳಿವೆ.

ನಾನು ಆರಂಭದಲ್ಲಿ ಉತ್ಸಾಹದಿಂದ ಹನ್ನೆರಡು ಉಪಾಂಗಗಳನ್ನು ಜೋಡಿಸಿದ್ದೆ. ಅವುಗಳನ್ನು ಸರಿಪಡಿಸುವುದರಲ್ಲಿ ಒಂದು ತಿಂಗಳು ಕಳೆಯಿತು. ಒಂದು ಪದವೂ ಸೇರಲಿಲ್ಲ. ಈಗ ಮೂರೇ ಸಾಕಾಗಿವೆ.

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ದಿನಕ್ಕೊಂದು ಪದ ಕೇಳಿ ಬರೆದುಕೊಳ್ಳಿರಿ. ಉಪಾಂಗಗಳನ್ನು ನಾಳೆಯೂ ಜೋಡಿಸಬಹುದು. ಹೇಳುವವರು ನಾಳೆಗೆ ಇರುವರೆಂಬ ಭರವಸೆಯಿಲ್ಲ.